ಶುಕ್ರವಾರವಿಲ್ಲದ ವಾರ

ಕುವೈತಿನ ಸಬ್ಹಾನ್ ಪ್ರದೇಶದ ಆ ಗೋದಾಮಿನೊಳಗೆ ಕಾಲಿಟ್ಟರೆ ಮೊದಲು ಮೂಗಿಗೆ ತಾಗುವುದು ಕೇಬಲ್ಲಿನ ವಾಸನೆ. ಬಿಸಿಲಿಗೆ ಕಾದ ಪ್ಲಾಸ್ಟಿಕ್ ಹೊದಿಕೆ, ಕೇಬಲ್ ಸುತ್ತಿಟ್ಟ ಆಳೆತ್ತರದ ಮರದ ಉರುಳೆಗಳು, ಅವುಗಳ ಸಂದಿನಲ್ಲಿ ಕೂತ ಧೂಳು, ಮೂರೂ ಬೆರೆತ ಒಗರು ವಾಸನೆ. ಅಲ್ಲಿನ ಕೆಲಸ ಬಿಟ್ಟ ಮೇಲೆ ಅದರ ನೆನಪೇ ಇರಲಿಲ್ಲ. ಕಳೆದ ತಿಂಗಳು, ಈಗ ನಾನಿರುವ ಕಂಪನಿಯ ಯಾವುದೋ ಕೆಲಸಕ್ಕೆ ಅಲ್ಲಿಗೆ ಹೋದೆ. ಬಾಗಿಲು ದಾಟಿದ್ದೇ ತಡ, ಒಂದು ಇಡೀ ಬೇಸಿಗೆ ಎದುರಿಗೆ ಬಂದು ನಿಂತಿತು.

ಗೋದಾಮಿನ ಮೇಲಿನ ಮಹಡಿಯೇ ಆಫೀಸು. ಖರೀದಿ ವಿಭಾಗದಲ್ಲಿ ಈಗ ನೌಫಲ್ ಎಂಬ ವಿಟ್ಲ ಕಡೆಯ ತರುಣ ಕೂರುತ್ತಾನೆ. ನಾನು ಹೋದಾಗ ಕಂಪ್ಯೂಟರಿನಲ್ಲಿ ಬೆಲೆಗಳ ಪಟ್ಟಿ ತೆರೆದಿಟ್ಟುಕೊಂಡು ಗೊಣಗುತ್ತಿದ್ದ.

“ನಮ್ಮ ಅವಸ್ಥೆ ನೋಡಿ ಮೇಡಂ. ಶುಕ್ರವಾರ ಆಫೀಸಿಗೆ ರಜೆ. ಆದ್ರೂ ಶುಕ್ರವಾರದ ರೇಟು ಶುಕ್ರವಾರವೇ ಬರೀಬೇಕಂತೆ. ಜುಮಾ ನಮಾಜು ಮುಗಿಸಿ ಬಂದು ಬಿರಿಯಾನಿಗೆ ಕೈ ಹಾಕುವಾಗ ಮೊಬೈಲ್ ಹಿಡ್ಕೊಂಡು ಕೂತ್ಕೊಳ್ಬೇಕು. ಯಾವ ಪುಣ್ಯಾತ್ಮ ಮಾಡಿದ ರೂಲೋ!”

ಬಗ್ಗಿ ನೋಡಿದೆ. ಭಾನುವಾರದಿಂದ ಗುರುವಾರದವರೆಗೆ ಐದೇ ಸಾಲು ಇರುತ್ತಿದ್ದ ಪಟ್ಟಿಯಲ್ಲಿ ಈಗ ಏಳು ಸಾಲುಗಳಿದ್ದವು. ಆ ಪುಣ್ಯಾತ್ಮ ಯಾರೆಂದು ನನಗೆ ಗೊತ್ತು.

ಹಂಝಾಕ. ಬಂಟ್ವಾಳದ ಕಡೆಯ ಬ್ಯಾರಿ. ಕುವೈತಿಗೆ ಬಂದಾಗ ತನಗೆ ಮೀಸೆ ಕೂಡ ಸರಿಯಾಗಿ ಬಂದಿರಲಿಲ್ಲ ಎನ್ನುತ್ತಿದ್ದರು; ನಾನು ಕಂಡಾಗ ಗಡ್ಡವೆಲ್ಲ ಬೆಳ್ಳಗಾಗಿತ್ತು. ಕಟ್ಟಡದ ಗುತ್ತಿಗೆದಾರರಿಗೆ ಮಾರಲು ಬೇಕಾದ ಕೇಬಲ್ಲನ್ನು ಮಲೇಶಿಯಾದಿಂದ ಕೊಳ್ಳುವುದು ಅವರ ಕೆಲಸ. ನಾನು ಮಂಗಳೂರಿನಲ್ಲಿ ಓದು ಮುಗಿಸಿ, ಹವಲ್ಲಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು, ಅದೇ ಕಂಪನಿಯ ಅಂಕಿಅಂಶಗಳನ್ನು ನೋಡುವ ಕೆಲಸಕ್ಕೆ ಸೇರಿದ್ದೆ. ಕಾಲೇಜಿನಲ್ಲಿ ನನಗೆ ಹೆಸರು ತಂದದ್ದು ಓದಲ್ಲ, ಚರ್ಚಾಸ್ಪರ್ಧೆ. ಚೀಟಿ ಎತ್ತಿದಾಗ ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಯಾವುದು ಬಂದರೂ ಗಂಟೆ ಹೊಡೆಯುವುದರೊಳಗೆ ಎದುರಿನವರ ಬಾಯಿ ಮುಚ್ಚಿಸುವುದು. ಆ ಚಟ ಹಾಗೆಯೇ ಉಳಿದಿತ್ತು. ಯಾರಾದರೂ “ಎಲ್ಲರಿಗೂ ಗೊತ್ತಿರುವ ಹಾಗೆ” ಎಂದು ಮಾತು ಶುರುಮಾಡಿದರೆ ಸಾಕು, ಯಾರಿಗೆ ಗೊತ್ತು, ಹೇಗೆ ಗೊತ್ತು ಎಂದು ಕೇಳದೆ ಬಿಡುತ್ತಿರಲಿಲ್ಲ. ಪ್ರತೀಕ್ಷಾ ಎಂಬ ನನ್ನ ಹೆಸರನ್ನು ಹಂಝಾಕ ಮೊದಲ ವಾರವೇ ಕೈಬಿಟ್ಟು ‘ಲಾಯರಮ್ಮ’ ಮಾಡಿದ್ದು ಅದಕ್ಕೇ.

ಮೂರು ಬೇಸಿಗೆಗಳ ಹಿಂದಿನ ಮಾತು. ಮೇ ತಿಂಗಳ ಕೊನೆ. ಧೂಳು ಎದ್ದು ಎದುರಿನ ಗೋದಾಮು ಕೂಡ ಮರೆಯಾದ ಒಂದು ಮಧ್ಯಾಹ್ನ ಹಂಝಾಕ ನನ್ನ ಮೇಜಿನ ಪಕ್ಕ ಕುರ್ಚಿ ಎಳೆದುಕೊಂಡರು.

“ಲಾಯರಮ್ಮ, ನಿನಗೊಂದು ಕೇಸು ಉಂಟು.”

“ಫೀಸು ಎಂತ?”

“ಗೆದ್ರೆ ಊರಲ್ಲಿ ನಮ್ಮ ಮನೆಯಲ್ಲಿ ಊಟ. ಸೋತ್ರೆ ಇಲ್ಲಿಯೇ, ಈ ಮೆಸ್ಸಿನ ದಾಲು. ನಿನಗೂ ನನಗೂ.”

ಕೇಸು ಹೀಗಿತ್ತು. ಅವರ ಹೆಂಡತಿ ಝುಬೈದಾ, ಮಗಳನ್ನು ಊರಿನ ಶಾಲೆಗೆ ಸೇರಿಸಲೆಂದು ಕೆಲವು ವರ್ಷಗಳ ಹಿಂದೆಯೇ ಊರಿಗೆ ಹೋಗಿದ್ದರು. ಅಂದಿನಿಂದ ಹಂಝಾಕ ಹವಲ್ಲಿಯ ಒಂದು ಕೋಣೆಯಲ್ಲಿ ಒಬ್ಬರೇ. ಇಕಾಮಾ, ಅಂದರೆ ಇಲ್ಲಿ ಇರಲು ಸರ್ಕಾರ ಕೊಡುವ ಪರವಾನಗಿ, ಆಗಸ್ಟ್ ಕೊನೆಗೆ ಮುಗಿಯುವುದಿತ್ತು. ಅದನ್ನು ನವೀಕರಿಸಲು ಪಾಸ್‌ಪೋರ್ಟ್ ಕೊಡಬೇಕೋ, ರಾಜೀನಾಮೆ ಕೊಟ್ಟು ಊರಿಗೆ ಹೊರಡಬೇಕೋ ಅನ್ನುವುದು ಅಷ್ಟರೊಳಗೆ ತೀರ್ಮಾನವಾಗಬೇಕು. ಹೊರಟರೆ ಬದುಕುವುದು ಹೇಗೆ? ಅದಕ್ಕೆ ಅವರ ಬಳಿ ಒಂದು ನಿಯಮವಿತ್ತು.

ಮುಂದಿನ ತಿಂಗಳ ತಾಮ್ರಕ್ಕೆ ಇವತ್ತೇ ಬೆಲೆ ಕಟ್ಟಿ ಕೊಳ್ಳುವ, ಮಾರುವ ಪೇಟೆ ನಮ್ಮ ದೇಶದಲ್ಲಿದೆ, ಫ್ಯೂಚರ್ಸ್ ಅನ್ನುತ್ತಾರೆ. ಮನೆಯಲ್ಲಿ ಕೂತೇ ಮಾಡಬಹುದಾದ ವ್ಯವಹಾರ. ಕೇಬಲ್ ಎಂದರೆ ಒಳಗೆ ಇರುವುದೆಲ್ಲ ತಾಮ್ರವೇ ತಾನೆ? ಮಲೇಶಿಯಾದ ಸಪ್ಲೈಯರ್ ಪ್ರತಿದಿನ ನಮ್ಮ ಮಧ್ಯಾಹ್ನದ ಹೊತ್ತಿಗೆ ಕೇಬಲ್ಲಿನ ಆ ದಿನದ ರೇಟು ಕಳಿಸುತ್ತಿದ್ದ. ಹಂಝಾಕ ವರ್ಷಗಟ್ಟಲೆ ಅದನ್ನು ಆಫೀಸಿನ ಪಟ್ಟಿಗೆ ಏರಿಸಿದವರು. ಅವರು ಕಂಡುಕೊಂಡದ್ದು ಇಷ್ಟು: ಬುಧವಾರಕ್ಕಿಂತ ಗುರುವಾರ ಸಪ್ಲೈಯರನ ರೇಟು ಜಿಗಿದರೆ, ಗುರುವಾರ ಸಂಜೆಯೇ ತಾಮ್ರ ಕೊಂಡುಬಿಡಬೇಕು, ಮುಂದಿನ ಮಂಗಳವಾರ ಮಾರಬೇಕು.

“ಕೇಬಲ್ ಮಾಡುವವನಿಗೆ ತಾಮ್ರದ ಗಾಳಿ ಮೊದಲು ಗೊತ್ತಾಗ್ತದೆ. ಪೇಟೆಗೆ ಆಮೇಲೆ,” ಎಂದರು.

“ಇದು ನಿಮಗೆ ಅನಿಸಿದ್ದಾ, ಗೊತ್ತಿರುವುದಾ?”

“ಅದಕ್ಕೇ ಅಲ್ವಾ ನಿನ್ನ ಹತ್ರ ಬಂದದ್ದು. ನೀನು ವಿರೋಧ ಮಾಡು. ಆದಷ್ಟು ಮಾಡು. ನಿಂತ್ರೆ ಹೋಗ್ತೇನೆ, ಬಿದ್ರೆ ಇಲ್ಲಿರ್ತೇನೆ.”

ಒಂದು ನಿಯಮವನ್ನು ಹಳೆಯ ಬೆಲೆಗಳ ಮೇಲೆ ಓಡಿಸಿ, ಆಗ ಹೀಗೆ ಮಾಡಿದ್ದರೆ ಏನಾಗುತ್ತಿತ್ತು ಎಂದು ನೋಡುವುದಕ್ಕೆ ಬ್ಯಾಕ್‌ಟೆಸ್ಟ್ ಎನ್ನುತ್ತಾರೆ. ಅದನ್ನು ಮಾಡುವವರಲ್ಲಿ ಬಹಳ ಮಂದಿ ಅಂಕಿಗಳು ತಾವೇ ಮಾತಾಡುತ್ತವೆ ಎಂದುಕೊಂಡಿರುತ್ತಾರೆ. ನನ್ನ ತಕರಾರು ಇರುವುದು ಅಲ್ಲಿಯೇ. ಅಂಕಿಗಳು ಮಾತಾಡುವುದಿಲ್ಲ; ಯಾರೋ ಯಾವಾಗಲೋ ಕೇಳಿದ ಪ್ರಶ್ನೆಗೆ ಕೊಟ್ಟ ಉತ್ತರವನ್ನು ಹಿಡಿದುಕೊಂಡು ಸುಮ್ಮನೆ ಕೂತಿರುತ್ತವೆ. ನಾವು ಹೋಗಿ ಬೇರೆಯದೇ ಪ್ರಶ್ನೆ ಕೇಳಿ, ಅದೇ ಉತ್ತರವನ್ನು ಎತ್ತಿಕೊಂಡು ಬರುತ್ತೇವೆ. ಈ ಮಾತನ್ನು ಈಗ ಇಷ್ಟು ಸಲೀಸಾಗಿ ಬರೆಯುತ್ತಿದ್ದೇನೆ. ಆ ಜೂನ್ ತಿಂಗಳಲ್ಲಿ ನನ್ನ ಜಗಳವೆಲ್ಲ ಬೇರೆ ಕಡೆಯಿತ್ತು.

ಮೊದಲ ಜಗಳ ತಾಮ್ರದ ಬೆಲೆಯನ್ನು ಎಲ್ಲಿಂದ ತರಬೇಕು ಎನ್ನುವುದಕ್ಕೆ. ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುವ ಬೆಲೆಗಳನ್ನು ಹಂಝಾಕ ಆಗಲೇ ಇಳಿಸಿಕೊಂಡಿದ್ದರು. ನಾನು ಒಪ್ಪಲಿಲ್ಲ. ಫ್ಯೂಚರ್ಸ್‌ನಲ್ಲಿ ಪ್ರತಿ ತಿಂಗಳಿಗೂ ಬೇರೆ ಒಪ್ಪಂದ, ಬೇರೆ ಬೆಲೆ. ಒಂದು ಮುಗಿದು ಮುಂದಿನದು ಶುರುವಾಗುತ್ತದೆ. ಪುಕ್ಕಟೆ ಕೊಡುವವರು ಅವನ್ನೆಲ್ಲ ಒಂದರ ಬಾಲಕ್ಕೆ ಇನ್ನೊಂದನ್ನು ಅಂಟಿಸಿ ಒಂದೇ ಗೆರೆ ಎಳೆದಿದ್ದರು. ಅಂಟಿಸಿದ ಜಾಗದಲ್ಲಿ ಬೆಲೆ ದಿಢೀರನೆ ಜಿಗಿದಂತೆ ಕಾಣುತ್ತದೆ. ನಿಜಕ್ಕೂ ಆ ದಿನ ತಾಮ್ರವೇನೂ ಜಿಗಿದಿಲ್ಲ, ತಿಂಗಳು ಬದಲಾಗಿದೆ ಅಷ್ಟೆ.

“ಆ ಸುಳ್ಳು ಜಿಗಿತವನ್ನೆಲ್ಲ ನೀವು ಲಾಭ ಅಂತ ಬರ್ಕೊಂಡಿದ್ದೀರಿ,” ಎಂದೆ.

“ಹಾಗಾದ್ರೆ ತೆಗಿ. ಬೇಡ ಅಂದವರು ಯಾರು?”

ಪ್ರತಿ ತಿಂಗಳ ಒಪ್ಪಂದದ ಬೆಲೆಯೂ ಬೇರೆಬೇರೆಯಾಗಿ ಇರುವ, ದುಡ್ಡು ಕೊಟ್ಟು ತರುವ ದಾಖಲೆ ತರಿಸಿದೆವು. ಸುಳ್ಳು ಜಿಗಿತಗಳೆಲ್ಲ ಹೋದವು. ನಿಯಮ ಸ್ವಲ್ಪ ಸೊರಗಿತು, ಸಾಯಲಿಲ್ಲ.

ಎರಡನೆಯ ಜಗಳ ಖರ್ಚಿಗೆ. ಕೊಳ್ಳುವಾಗ ಕಮಿಷನ್, ಮಾರುವಾಗ ಕಮಿಷನ್, ತೆರಿಗೆ; ಅದರ ಮೇಲೆ, ತೆರೆಯ ಮೇಲೆ ಕಂಡ ಬೆಲೆಗೇ ಸರಕು ಸಿಗುವುದಿಲ್ಲ, ಕೈಗೆ ಬರುವುದರೊಳಗೆ ಒಂದಿಷ್ಟು ಮೇಲೆ ಹೋಗಿರುತ್ತದೆ ಎಂದು ನಾನು ಪ್ರತಿ ವ್ಯವಹಾರಕ್ಕೂ ಇನ್ನಷ್ಟು ಕತ್ತರಿ ಹಾಕಿದೆ.

“ನೀನು ಲಾಯರಮ್ಮ ಅಲ್ಲ, ಕಸ್ಟಮ್ಸಿನವಳು. ಬರುವಾಗಲೂ ಹಿಡೀತಿ, ಹೋಗುವಾಗಲೂ ಹಿಡೀತಿ,” ಎಂದು ಹಂಝಾಕ ಕೂಗಾಡಿದರು. ಕತ್ತರಿ ಹಾಕಿದ ಮೇಲೂ ನಿಯಮ ಉಸಿರಾಡುತ್ತಿತ್ತು.

ಮೂರನೆಯದು ನನ್ನ ಬ್ರಹ್ಮಾಸ್ತ್ರ. ಎಲ್ಲ ವರ್ಷಗಳನ್ನೂ ನೋಡಿ ಮಾಡಿದ ನಿಯಮವನ್ನು ಅದೇ ವರ್ಷಗಳ ಮೇಲೆ ಪರೀಕ್ಷಿಸುವುದೆಂದರೆ ಪ್ರಶ್ನೆಪತ್ರಿಕೆ ಮೊದಲೇ ನೋಡಿದವನಿಗೆ ಪರೀಕ್ಷೆ ಇಟ್ಟಂತೆ. ಅದಕ್ಕೆ ಕೊನೆಯ ಕೆಲವು ವರ್ಷಗಳನ್ನು ಅವರಿಗೂ ತೋರಿಸದೆ, ನಾನೂ ನೋಡದೆ ಬೇರೆ ಕಡತದಲ್ಲಿ ಮುಚ್ಚಿಟ್ಟೆ. ಉಳಿದ ವರ್ಷಗಳ ಮೇಲೆ ನಿಯಮವನ್ನು ಗಟ್ಟಿಮಾಡಿಕೊಳ್ಳಿ, ಇನ್ನು ಬದಲಿಸುವ ಹಾಗಿಲ್ಲ ಎಂದು ಅವರಿಂದ ಮಾತು ತೆಗೆದುಕೊಂಡು, ಆಮೇಲೆ ಆ ಕಡತ ತೆರೆದೆ.

ನಿಯಮ ಪಾಸಾಯಿತು. ಒಂದೊಂದು ವರ್ಷದಲ್ಲೂ ಪಾಸಾಯಿತು.

ನನಗೆ ಆದದ್ದನ್ನು ಇದ್ದಂತೆ ಹೇಳಬೇಕೆಂದರೆ, ಅಂದು ನನಗೆ ಸೋತ ಬೇಸರವಾಗಲಿಲ್ಲ, ನಂಬಿಕೆ ಬಂತು. ಇಷ್ಟು ಬಡಿದರೂ ನಿಂತಿದೆಯಲ್ಲ! ಸಂದೇಹಪಡುವವರು ಒಮ್ಮೆ ನಂಬಿದರೆ ಮೊದಲಿನಿಂದ ನಂಬಿದವರಿಗಿಂತ ಗಟ್ಟಿಯಾಗಿ ನಂಬುತ್ತಾರೆ. ಪಟ್ಟ ಸಂದೇಹವೆಲ್ಲ ನಂಬಿಕೆಯ ಕಡೆಗೇ ಸಾಕ್ಷಿ ಹೇಳತೊಡಗುತ್ತದೆ. ಆ ಗುರುವಾರ ಸಂಜೆ ಕಂಪನಿಯ ವ್ಯಾನಿನಲ್ಲಿ ಹವಲ್ಲಿಗೆ ಮರಳುವಾಗ ಹಂಝಾಕ ಊರಿಗೆ ವೀಡಿಯೊ ಕರೆ ಮಾಡಿ ಫೋನನ್ನು ನನ್ನ ಕಡೆ ತಿರುಗಿಸಿದರು. ಪರದೆಯಲ್ಲಿ ಝುಬೈದಾ. ಹಿಂದೆ ಏಣಿ, ಬಕೆಟ್ಟು.

“ನೀನಾ ಆ ಲಾಯರಮ್ಮ? ಇವರ ಪರೀಕ್ಷೆ ಪಾಸಾಯ್ತಾ ಇಲ್ವಾ ಹೇಳು. ನಾನು ಮೇಲಿನ ರೂಮಿಗೆ ಪೈಂಟ್ ಹೊಡ್ಸುದಾ ಬೇಡ್ವಾ? ಕಂಪ್ಯೂಟರ್ ಇಡ್ಲಿಕ್ಕೆ ಆ ರೂಮೇ ಬೇಕಂತೆ ಇವರಿಗೆ.”

“ಇಲ್ಲಿವರೆಗೆ ಪಾಸು ಝುಬೈದಕ್ಕ. ಇನ್ನೊಂದು ಬಾಕಿ ಉಂಟು.”

“ಪಾಸಾದವನಿಗೆ ಮತ್ತೆ ಎಂತ ಪರೀಕ್ಷೆ?” ಎಂದು ಗಂಡ ಹೆಂಡತಿ ಇಬ್ಬರೂ ಒಟ್ಟಿಗೇ ಕೇಳಿದರು.

ಇನ್ನೊಂದು ಯಾಕೆ ಬೇಕಿತ್ತು? ನಂಬಿಕೆ ಬಂದ ಮೇಲೂ ಚಟ ಬಿಡಬೇಕಲ್ಲ. ಹಳೆಯ ಬೆಲೆ ಎಷ್ಟೆಂದರೂ ಹಳೆಯದು. ಆಗಸ್ಟ್ ಕೊನೆಯವರೆಗೆ ಹೇಗೂ ಸಮಯವಿದೆ. ದುಡ್ಡು ಹಾಕದೆ, ಪ್ರತಿ ಗುರುವಾರ ರೇಟು ಬಂದ ಕೂಡಲೇ ನಿಯಮ ಏನು ಹೇಳುತ್ತದೋ ಅದನ್ನು ಎಲ್ಲರಿಗೂ ಕಾಣುವಂತೆ ಬರೆದಿಡೋಣ, ಮಂಗಳವಾರ ನೋಡೋಣ ಎಂದೆ. ಹಂಝಾಕ ನಕ್ಕು ಒಪ್ಪಿದರು. ಅಷ್ಟರಲ್ಲಿ ಅವರ ಕೋಣೆಯಲ್ಲಿ ಊರಿಗೆ ಕಳಿಸುವ ಕಾರ್ಗೋ ಪೆಟ್ಟಿಗೆ ಬಾಯಿ ತೆರೆದು ಕೂತಾಗಿತ್ತು. ಒಳಗೆ ಎರಡು ಕಂಬಳಿ, ಮಗಳಿಗೆ ಶಾಲೆಯ ಚೀಲ, ಹಾಲಿನ ಪುಡಿಯ ಡಬ್ಬಗಳು.

ಜುಲೈ. ಹೊರಗೆ ನಿಂತರೆ ಕಣ್ಣಿನ ರೆಪ್ಪೆ ಕೂಡ ಕಾಯುತ್ತಿತ್ತು. ಮಧ್ಯಾಹ್ನ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ ಎಂಬ ಸರ್ಕಾರದ ನಿಯಮವಿದ್ದುದರಿಂದ ಲೋಡಿಂಗಿನವರೆಲ್ಲ ಉರುಳೆಗಳ ನೆರಳಲ್ಲಿ ರಟ್ಟು ಹಾಸಿಕೊಂಡು ಮಲಗುತ್ತಿದ್ದರು. ನೀರಿನ ಕೂಲರ್ ಪಕ್ಕದ ಬಿಳಿ ಹಲಗೆಯ ಮೇಲೆ ನಾನು ಗುರುವಾರ ಗುರುವಾರ ಸಪ್ಲೈಯರನ ರೇಟು ಬರೆದು, ಅದರ ಕೆಳಗೆ ‘ಕೊಳ್ಳು’ ಅಥವಾ ‘ಸುಮ್ಮನಿರು’ ಎಂದು ಬರೆಯುತ್ತಿದ್ದೆ. ಆಂಧ್ರದ ಶ್ರೀನು ನೀರು ಹಿಡಿಯಲು ಬಂದವನು, “ಆಜ್ ಕ್ಯಾ ಹೈ ಮೇಡಂ, ಲೇನಾ ಯಾ ಸೋನಾ?” ಎಂದು ಕೇಳುತ್ತಿದ್ದ. ಕೊಳ್ಳುವುದೋ ಮಲಗುವುದೋ ಎಂದು. ಇಡೀ ಗೋದಾಮು ಅದನ್ನು ಕ್ರಿಕೆಟ್ ಸ್ಕೋರಿನಂತೆ ನೋಡುತ್ತಿತ್ತು.

ಮೊದಲ ‘ಕೊಳ್ಳು’ ನಷ್ಟಕ್ಕೆ ಹೋಯಿತು. ಹಂಝಾಕ ಕೈಯಾಡಿಸಿ, “ಒಂದು ಬಾಲಿಗೆ ಔಟಾದ್ರೆ ಬ್ಯಾಟ್ಸ್‌ಮನ್ ಕೆಟ್ಟವನಾ?” ಎಂದರು. ಆಮೇಲೊಂದು ಸಣ್ಣ ಲಾಭ. ಮತ್ತೆ ನಷ್ಟ. ನಾಲ್ಕೈದು ವಾರದಲ್ಲಿ ಏನನ್ನೂ ಸಾಬೀತು ಮಾಡಲಾಗದು ಎಂಬುದು ನನಗೂ ಗೊತ್ತಿದ್ದ ವಾದವೇ. ಆದರೂ ಬ್ಯಾಕ್‌ಟೆಸ್ಟಿನ ನಿಯಮ ಓಡುತ್ತಿದ್ದ ರೀತಿಗೂ ಹಲಗೆಯ ಮೇಲಿನದು ಕುಂಟುತ್ತಿದ್ದ ರೀತಿಗೂ ಹೋಲಿಕೆಯೇ ಇರಲಿಲ್ಲ. ಒಂದೇ ಮನುಷ್ಯನ ಎರಡು ಫೋಟೋ ಎಂದು ಕೊಟ್ಟರೆ ನಂಬಲಾಗದಷ್ಟು.

ಆಗಸ್ಟಿನ ಮೊದಲ ಭಾನುವಾರ ಬೆಳಿಗ್ಗೆ ನೀರು ಹಿಡಿಯಲು ಹೋದಾಗ ಹಲಗೆಯ ಮೇಲೆ ಗುರುವಾರ ನಾನು ಬರೆದ ರೇಟು ಹಾಗೆಯೇ ಇತ್ತು. ಮೇಜಿಗೆ ಮರಳಿ ಆಫೀಸಿನ ಪಟ್ಟಿ ತೆರೆದೆ. ಅಲ್ಲಿ ಗುರುವಾರದ ಸಾಲಿನಲ್ಲಿ ಬೇರೆ ರೇಟು ಇತ್ತು.

“ಹಂಝಾಕ, ನಾನು ಹಲಗೆಯಲ್ಲಿ ತಪ್ಪು ಬರೆದಿದ್ದೇನಾ? ಪಟ್ಟಿಯಲ್ಲಿ ಗುರುವಾರದ್ದು ಬೇರೆ ಉಂಟು.”

ಅವರು ಚಹಾದ ಕಪ್ಪಿನಿಂದ ಮುಖ ಎತ್ತಲಿಲ್ಲ. “ಹಲಗೆದೂ ಸರಿ, ಪಟ್ಟಿದೂ ಸರಿ.”

“ಎರಡೂ ಹೇಗೆ ಸರಿಯಾಗ್ತದೆ?”

“ಪಟ್ಟಿಯಲ್ಲಿ ಇರುವುದು ಶುಕ್ರವಾರದ ರೇಟು ಮಾರಾಯ್ತಿ. ಮುದೀರಿಗೆ ವಾರದ ರಿಪೋರ್ಟು ಹೋಗ್ಬೇಕಲ್ಲ? ಅದರಲ್ಲಿ ವಾರದ ಕೊನೆಯ ರೇಟು ಬೇಕು. ಮಲೇಶಿಯಾದವ ಶುಕ್ರವಾರವೂ ರೇಟು ಕಳಿಸ್ತಾನೆ, ನಾವು ಮಸೀದಿಯಲ್ಲಿರ್ತೇವೆ. ಅದಕ್ಕೆ ಭಾನುವಾರ ಬಂದ ಕೂಡ್ಲೆ ಗುರುವಾರದ್ದು ಅಳಿಸಿ ಆ ಜಾಗದಲ್ಲಿ ಇದನ್ನು ಹಾಕ್ತೇನೆ. ನಮ್ಮ ವಾರ ಮುಗಿಯುವುದು ಗುರುವಾರ ಅಲ್ವಾ? ನಾನೇ ಮಾಡಿದ ಕ್ರಮ. ನಾನು ಖರೀದಿಗೆ ಬಂದಾಗಿಂದ್ಲೂ ಎಲ್ಲಾ ವಾರ...”

ಮಾತು ನಿಧಾನವಾಯಿತು. ಕಪ್ಪು ಮೇಜಿಗೆ ಇಳಿಯಿತು.

“ಎಲ್ಲಾ ವಾರ,” ಎಂದರು ಇನ್ನೊಮ್ಮೆ. ಈ ಸಲ ನನಗೆ ಹೇಳುತ್ತಿರಲಿಲ್ಲ.

ನಾನು ವಾದ ಮಾಡುವ ಅಗತ್ಯವೇ ಬೀಳಲಿಲ್ಲ. ನಮ್ಮ ನಿಯಮ ಗುರುವಾರದ ರೇಟು ನೋಡಿ ಗುರುವಾರ ಸಂಜೆ ತಾಮ್ರ ಕೊಳ್ಳುತ್ತಿತ್ತು. ಆದರೆ ಪಟ್ಟಿಯಲ್ಲಿ ಗುರುವಾರ ಎಂದು ಕೂತಿದ್ದದ್ದು ಶುಕ್ರವಾರ. ಶುಕ್ರವಾರ ಪೇಟೆಯಲ್ಲಿ ತಾಮ್ರ ಏರಿದ್ದರೆ ಸಪ್ಲೈಯರನೂ ತನ್ನ ರೇಟು ಏರಿಸಿರುತ್ತಿದ್ದ. ಅದನ್ನು ನೋಡಿಕೊಂಡು ನಾವು ಹಿಂದಿನ ದಿನಕ್ಕೆ ಹೋಗಿ, ಹಿಂದಿನ ದಿನದ ಬೆಲೆಗೆ ಕೊಂಡುಬರುತ್ತಿದ್ದೆವು. ನಾಳೆಯ ಪತ್ರಿಕೆ ಓದಿ ಇವತ್ತು ಬಾಜಿ ಕಟ್ಟುವವನು ಯಾವ ವರ್ಷ ಸೋಲುತ್ತಾನೆ? ನಾನು ಮುಚ್ಚಿಟ್ಟ ವರ್ಷಗಳಲ್ಲೂ ಅದು ಪಾಸಾದದ್ದು ಅದಕ್ಕೇ. ಪ್ರಶ್ನೆಪತ್ರಿಕೆಗೆ ಬೀಗ ಹಾಕಿದ್ದೆ, ಸರಿ. ಉತ್ತರ ಅದರ ಬೆನ್ನಿಗೇ ಅಚ್ಚಾಗಿತ್ತು.

ಪಟ್ಟಿ ಸುಳ್ಳಾಗಿರಲಿಲ್ಲ ಎನ್ನುವುದು ಇಲ್ಲಿ ಮುಖ್ಯ. ಮುದೀರ್, ಅಂದರೆ ನಮ್ಮ ಮ್ಯಾನೇಜರ್, ಕೇಳುತ್ತಿದ್ದ ಪ್ರಶ್ನೆಗೆ ಅದು ಸರಿಯಾದ ಉತ್ತರವೇ: ವಾರದ ಕೊನೆಯ ರೇಟು ಎಷ್ಟು? ನಾವು ಹೋಗಿ ಕೇಳಿದ್ದು, ಗುರುವಾರ ಮಧ್ಯಾಹ್ನ ನಮಗೆ ಏನು ಗೊತ್ತಿತ್ತು ಎಂದು. ಇನ್ನೊಂದು ವಿಷಯ ನನ್ನನ್ನು ಈಗಲೂ ಕಾಡುತ್ತದೆ. ಆ ಪಟ್ಟಿಯಲ್ಲಿ ಭಾನುವಾರದ ಸಾಲುಗಳೆಲ್ಲ ಖಾಲಿ. ಅದನ್ನು ನಾನು ಮೊದಲ ದಿನವೇ ಹಿಡಿದು ಕೇಳಿದ್ದೆ. ಮಲೇಶಿಯಾಕ್ಕೆ ಅವತ್ತು ರಜೆ ಎಂದು ಉತ್ತರ ಸಿಕ್ಕಿತ್ತು. ಹಾಗಾದರೆ ಅವರು ಕೆಲಸ ಮಾಡುವ, ನಾವು ಮಾಡದ ಶುಕ್ರವಾರ ಎಲ್ಲಿ ಹೋಯಿತು ಎಂದು ಮಾತ್ರ ಹೊಳೆಯಲಿಲ್ಲ. ಇದ್ದು ಖಾಲಿಯಾಗಿದ್ದ ಸಾಲು ಕಂಡಿತು, ಇಲ್ಲದ ಸಾಲು ಕಾಣಲಿಲ್ಲ. ಮಂಗಳೂರಿನಲ್ಲಿ ಕೂತು ಈ ಕೆಲಸ ಮಾಡಿದ್ದರೆ ಮೊದಲ ಗಂಟೆಯಲ್ಲೇ ಕಾಣುತ್ತಿತ್ತೇನೋ. ಇಲ್ಲಿ ಶುಕ್ರವಾರವೆಂದರೆ ತಡವಾಗಿ ಏಳುವುದು, ಚಿಕ್ಕಮ್ಮನ ನೀರ್‌ದೋಸೆ, ಕೆಳಗಿನ ಮೊಬೈಲ್ ಅಂಗಡಿಗಳ ಅರ್ಧ ಇಳಿಸಿದ ಶಟರು. ಆ ದಿನಕ್ಕೆ ಬೆಲೆಯೊಂದು ಇರುತ್ತದೆ ಎಂದು ಯಾರಿಗೆ ಅನಿಸುತ್ತದೆ?

“ಸಪ್ಲೈಯರ್ ಕಳಿಸಿದ ಹಳೇ ಮೆಸೇಜು, ಮೈಲು ಎಲ್ಲ ಉಂಟಲ್ಲ?” ಎಂದೆ. “ನಿಜವಾದ ಗುರುವಾರಗಳನ್ನು ಹುಡುಕಿ ಹಾಕುವಾ. ಆಮೇಲೆ ಮತ್ತೆ ಓಡಿಸುವಾ.”

“ಓದಿ ಹೇಳ್ತೇನೆ. ನೀನು ಹಾಕು,” ಎಂದರು ಹಂಝಾಕ.

ಅದರ ಮುಂದಿನ ದಿನಗಳು ನನಗೆ ಈಗಲೂ ದನಿಯಾಗಿಯೇ ನೆನಪಿವೆ. ಏಸಿಯ ಗೊರಗೊರ, ಕೆಳಗೆ ಮಲಗಿದವರ ಗೊರಕೆ, ಅದರ ಮೇಲೆ ಹಂಝಾಕನ ದನಿ: ತಾರೀಕು, ರೇಟು, ತಾರೀಕು, ರೇಟು. ತನ್ನ ಮೇಲಿನ ಆರೋಪಪಟ್ಟಿಯನ್ನು ತಾನೇ ಓದಿದ ಹಾಗೆ. ಒಂದು ವಾರವನ್ನೂ ಹಾರಿಸಲಿಲ್ಲ. ಒಂದೆಡೆ ನಾನೇ ಬೇಸತ್ತು, “ಈ ವರ್ಷ ಬಿಡುವಾ ಹಂಝಾಕ, ಉಳಿದದ್ದರಲ್ಲೇ ಗೊತ್ತಾಗ್ತದೆ,” ಎಂದೆ. “ಬಿಟ್ರೆ ಆ ವರ್ಷದಲ್ಲಿ ಉಂಟು ಅಂತ ನನಗೆ ಮತ್ತೆ ಆಸೆ ಬರ್ತದೆ. ಹಾಕು,” ಎಂದರು.

ಮತ್ತೆ ಓಡಿಸಿದೆ. ಖರ್ಚು ಕಳೆಯುವ ಮೊದಲೇ ನಿಯಮದಲ್ಲಿ ಹುರುಳಿರಲಿಲ್ಲ. ಕಳೆದ ಮೇಲೆ ಏನೂ ಉಳಿಯಲಿಲ್ಲ. ಸಪ್ಲೈಯರನಿಗೆ ಯಾವ ಗಾಳಿಯೂ ಮೊದಲು ಗೊತ್ತಾಗುತ್ತಿರಲಿಲ್ಲ. ಅವನು ಪೇಟೆ ನೋಡಿಕೊಂಡು ರೇಟು ಹೇಳುತ್ತಿದ್ದ, ನಮ್ಮೆಲ್ಲರ ಹಾಗೆ.

ಹಂಝಾಕ ಪರದೆಯ ಕೊನೆಯ ಸಾಲನ್ನು ಬೆರಳಿನಿಂದ ಒಮ್ಮೆ ಮುಟ್ಟಿದರು. ಆಮೇಲೆ, “ಲಾಯರಮ್ಮ, ಈಗ ಪಕ್ಷ ಬದಲಿಸು,” ಎಂದರು.

“ಅಂದ್ರೆ?”

“ನಿನಗೆ ಎರಡೂ ಕಡೆ ವಾದ ಬರ್ತದೆ ಅಲ್ವಾ? ಈ ರೂಲು ಸರಿ ಅಂತ ವಾದ ಮಾಡು. ನಾನು ಹೊರಡ್ಬೇಕು ಅಂತ ಮಾಡು. ಕೇಳ್ತೇನೆ.”

ಬೇಡ ಎನ್ನಬಹುದಿತ್ತು. ಆದರೆ ಅವರ ಕಾರ್ಗೋ ಪೆಟ್ಟಿಗೆ, ಏಣಿಯ ಮುಂದೆ ನಿಂತ ಝುಬೈದಾ, ಎಲ್ಲ ಕಣ್ಣೆದುರಿತ್ತು. ಶುರುಮಾಡಿದೆ. ತಾಮ್ರ ಏರುಮುಖವಾಗಿದ್ದ ವರ್ಷಗಳನ್ನು ಮಾತ್ರ ತೆಗೆದುಕೊಂಡರೆ ನಿಯಮ ಈಗಲೂ ಲಾಭದಲ್ಲಿದೆ ಎಂದೆ. ಸಣ್ಣ ಜಿಗಿತಗಳನ್ನು ಬಿಟ್ಟು ದೊಡ್ಡ ಜಿಗಿತಗಳನ್ನಷ್ಟೇ ಹಿಡಿದರೆ ಇನ್ನೂ ಚೆನ್ನ. ಮಂಗಳವಾರದ ಬದಲು ಸೋಮವಾರ ಮಾರಿದರೆ ನಷ್ಟವೂ ಕಡಿಮೆ. ಹೇಳುತ್ತಾ ಹೇಳುತ್ತಾ ನನ್ನ ದನಿಗೆ ಸ್ಪರ್ಧೆಯ ಬಿಸಿ ಬಂತು. ಮೂರು ನಿಮಿಷದಲ್ಲಿ ಸತ್ತ ನಿಯಮ ಎದ್ದು ಕೂತಿತ್ತು. ತೀರ್ಪುಗಾರರು ಇದ್ದಿದ್ದರೆ ಬಹುಮಾನದ ಕಪ್ಪು ನನಗೇ.

ಹಂಝಾಕ ಜೋರಾಗಿ ನಕ್ಕುಬಿಟ್ಟರು. ಆ ವಾರದಲ್ಲಿ ಮೊದಲ ಸಲ.

“ಎಷ್ಟು ಚಂದ ಮಾಡ್ತಿ ಮಾರಾಯ್ತಿ! ಬೇಕಾದ ವರ್ಷ ಆರಿಸಿದ್ದಿ, ಬೇಕಾದ ವಾರ ಆರಿಸಿದ್ದಿ. ನಾನೂ ಇದನ್ನೇ ಅಲ್ವಾ ಮಾಡಿದ್ದು, ಇಷ್ಟು ವರ್ಷ?” ನಗು ನಿಂತ ಮೇಲೆ ತಗ್ಗಿದ ದನಿಯಲ್ಲಿ ಹೇಳಿದರು: “ನಿನಗಾದ್ರೆ ಚೀಟಿಯಲ್ಲಿ ಪಕ್ಷ ಬರ್ತದೆ. ನನ್ನ ಚೀಟಿ ಝುಬೈದಾ ವಿಮಾನ ಹತ್ತಿದ ದಿನವೇ ಬಂದಿತ್ತು. ಹೋಗ್ಬೇಕು ಅಂತ. ತಾಮ್ರ ಎಲ್ಲ ಆಮೇಲೆ ಹುಡುಕಿದ ಪಾಯಿಂಟು.”

ಚರ್ಚೆಯಲ್ಲಿ ವಾದ ಬಿದ್ದರೆ ಪಕ್ಷವೂ ಬಿತ್ತು. ಅವರದು ವಾದ ಬಿದ್ದಿತ್ತು, ಪಕ್ಷ ಅಲ್ಲಿಯೇ ನಿಂತಿತ್ತು.

ಮರುದಿನವೇ ಮಂದೂಬ್ ಬಂದ. ಕಂಪನಿಯ ಪರವಾಗಿ ಸರ್ಕಾರಿ ಕಚೇರಿಗಳಿಗೆ ಓಡಾಡುವವನು ಅವನು. ಬಾಗಿಲಲ್ಲೇ ನಿಂತು ಕೈಚಾಚಿದ. “ಹಂಝಾ ಭಾಯಿ, ಪಾಸ್‌ಪೋರ್ಟ್. ರಿನ್ಯೂ ಯಾ ಖಲಾಸ್? ಯಲ್ಲಾ, ಬೋಲೋ.” ನವೀಕರಿಸುವುದೋ ಮುಗಿಸುವುದೋ, ಬೇಗ ಹೇಳು ಎಂದು.

ಹಂಝಾಕ ಖಾನೆ ಎಳೆದು ಪಾಸ್‌ಪೋರ್ಟ್ ತೆಗೆದರು, ಒಮ್ಮೆ ಮೇಜಿನ ಅಂಚಿಗೆ ತಟ್ಟಿದರು, ಕೊಟ್ಟರು. “ಏಕ್ ಸಾಲ್,” ಎಂದರು. “ಸಿರ್ಫ್ ಏಕ್. ಅಗಲೇ ಸಾಲ್ ಮತ್ ಪೂಛ್‌ನಾ.” ಒಂದೇ ವರ್ಷ, ಮುಂದಿನ ವರ್ಷ ಕೇಳಬೇಡ. ಮಂದೂಬ್ ಹೆಗಲು ಕುಣಿಸಿ ಹೋದ. ಹೀಗೆ ಹೇಳಿದವರನ್ನು ಅವನು ಎಷ್ಟು ಮಂದಿಯನ್ನು ಕಂಡಿದ್ದನೋ.

ಅಂದು ಸಂಜೆ ವ್ಯಾನಿನಲ್ಲಿ ಊರಿಗೆ ಫೋನು. ಈ ಸಲ ಅವರು ಅದನ್ನು ನನ್ನ ಕಡೆ ತಿರುಗಿಸಲಿಲ್ಲ. ಬ್ಯಾರಿ ಭಾಷೆ ನನಗೆ ಅರ್ಧಂಬರ್ಧ ತಿಳಿಯುತ್ತದೆ. ಆಮೇಲೆ ಝುಬೈದಾ ಹೇಳಿದ್ದನ್ನು ಹಂಝಾಕ ನನಗಾಗಿ ಕನ್ನಡದಲ್ಲಿ ಹೇಳಿದರು, ಕಿಟಕಿಯಾಚೆ ನೋಡುತ್ತಾ: “ಪೈಂಟ್ ಆಗ್ಲೇ ಹೊಡ್ಸಿ ಆಗಿದೆಯಂತೆ. ರೂಮು ಹಾಗೇ ಇರ್ತದೆ ಅಂತ ಹೇಳ್ತಾಳೆ.”

ನನ್ನದೇ ಕೆಲಸದಿಂದ ಒಬ್ಬರು ಊರಿಗೆ ಹೋಗುವುದು ತಪ್ಪಿತು ಎಂದು ನಾನು ಬಹಳ ದಿನ ಒಳಗೇ ಕಾದಾಡಿದೆ. ಎರಡೂ ಕಡೆಯ ವಾದ ನಾನೇ ಮಾಡಿದೆ, ಎರಡೂ ಕಡೆ ಸೋತೆ. ಗೊತ್ತಾಗದೆ ಹೋಗಿದ್ದರೆ ಅವರು ಹೋಗಿ, ಇದ್ದುದನ್ನೆಲ್ಲ ತಾಮ್ರಕ್ಕೆ ಸುರಿದು, ಇನ್ನೊಮ್ಮೆ ಕೆಲಸ ಹುಡುಕಿಕೊಂಡು ಇಲ್ಲಿಗೇ ಬರಬೇಕಾಗುತ್ತಿತ್ತು ಎಂದು ಬುದ್ಧಿ ಹೇಳುತ್ತದೆ. ಬುದ್ಧಿ ಹೇಳುವುದು ಸರಿ. ಆದರೆ ಆ ವರ್ಷ ಸಿಗದೇ ಹೋದ ಊರಿನ ಬದುಕಿಗೆ ಯಾವ ಬ್ಯಾಕ್‌ಟೆಸ್ಟೂ ಇಲ್ಲ.

ಮುಂದಿನ ಭಾನುವಾರ ನಾನು ಬರುವಷ್ಟರಲ್ಲಿ ಹಂಝಾಕ ಪಟ್ಟಿಯನ್ನು ಬದಲಿಸಿ ಕೂತಿದ್ದರು. ಶುಕ್ರವಾರ, ಶನಿವಾರ ಸೇರಿ ಏಳು ಸಾಲು. ಗುರುವಾರವನ್ನು ಇನ್ನು ಯಾರೂ ಅಳಿಸುವಂತಿಲ್ಲ. ಶುಕ್ರವಾರದ ರೇಟು ಶುಕ್ರವಾರವೇ ಬರಬೇಕು, ಮುದೀರಿನ ವಾರದ ರಿಪೋರ್ಟಿಗೆ ಬೇಕಾದದ್ದನ್ನು ಅಲ್ಲಿಂದ ಎತ್ತಿಕೊಳ್ಳಬೇಕು. “ಇನ್ನು ಯಾರಾದ್ರೂ ನನ್ನ ಹಾಗೆ ಹೊರಡುವವರಿದ್ರೆ ಅವರಿಗೆ ಸುಳ್ಳು ಪಾಸು ಸಿಗ್ಬಾರ್ದು,” ಎಂದರು. ಆ ಇಡೀ ವರ್ಷ ಪ್ರತಿ ಶುಕ್ರವಾರ ಮಸೀದಿಯಿಂದ ಹೊರಬಂದು, ಚಪ್ಪಲಿ ಮೆಟ್ಟುವ ಮೊದಲು, ಅಲ್ಲೇ ನೆರಳಲ್ಲಿ ನಿಂತು ರೇಟು ಬರೆಯುತ್ತಿದ್ದರಂತೆ. ಮುಂದಿನ ಬೇಸಿಗೆಗೆ ಮಂದೂಬ್ ಕೇಳಲು ಬರುವ ಮೊದಲೇ ರಾಜೀನಾಮೆ ಕೊಟ್ಟು ಹೊರಟರು. ಕೈಯಲ್ಲಿ ನಿಯಮವಿರಲಿಲ್ಲ. ಊರ ಬಳಿಯ ಬಿ.ಸಿ. ರೋಡಿನಲ್ಲಿ ಭಾವನ ವೈರಿಂಗ್ ಸಾಮಾನಿನ ಅಂಗಡಿಯಲ್ಲಿ ಒಂದು ಕುರ್ಚಿ ಇತ್ತು. ಹೋದ ಮೇಲೆ ಕಳಿಸಿದ ಒಂದೇ ಫೋಟೋದಲ್ಲಿ ಮೇಲಿನ ಕೋಣೆ: ತಿಳಿ ಹಸಿರು ಗೋಡೆ, ಕಂಪ್ಯೂಟರ್ ಇಡಬೇಕಿದ್ದ ಮೇಜಿನ ಮೇಲೆ ಮಗಳ ಪುಸ್ತಕಗಳು.

“ಮೇಡಂ, ನಿಮಗೆ ಗೊತ್ತುಂಟಾ ಯಾರು ಅಂತ?” ನೌಫಲ್ ಇನ್ನೂ ನನ್ನ ಮುಖ ನೋಡುತ್ತಿದ್ದ. “ಈ ಶುಕ್ರವಾರದ ಕಾಟ ತಂದದ್ದು?”

“ಗೊತ್ತುಂಟು. ಊರಿಗೆ ಹೋಗುವುದನ್ನು ಒಂದು ವರ್ಷ ಮುಂದೆ ಹಾಕಿದವರು.”

“ಹೌದಾ? ಅದಕ್ಕೂ ಇದಕ್ಕೂ ಎಂತ ಸಂಬಂಧ?”

ಉತ್ತರ ಹೇಳಲು ಬಾಯಿ ತೆರೆದವಳು ಅವನ ಮೇಜಿನ ಕೆಳಗೆ ನೋಡಿದೆ. ಒಂದು ಕಾರ್ಗೋ ಪೆಟ್ಟಿಗೆ, ಇನ್ನೂ ಬಿಡಿಸದೆ ಮಡಚಿಟ್ಟದ್ದು, ಗೋಡೆಗೆ ಒರಗಿತ್ತು.

“ಶುಕ್ರವಾರದ ರೇಟು ಮಾತ್ರ ಬಿಡದೆ ಬರಿ,” ಎಂದೆ. “ಹೊರಡುವ ಲೆಕ್ಕ ಹಾಕುವಾಗ ನಿನಗೇ ಬೇಕಾಗ್ತದೆ.”